ಹೊಸಿಲಾಚೆಯ ಅಂಗಳ



ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟವರು ಒಂದು ಕ್ಷಣ ನಿಂತು ನೋಡುತ್ತೀರಲ್ಲವೇ? ಆ ರಂಗೋಲಿ ಇರುವುದು ಮನೆಯೊಳಗಲ್ಲ, ಬೀದಿಯಲ್ಲಿ. ಆದರೂ ಹಾದುಹೋಗುವವರು ಅದನ್ನು ತುಳಿಯದೆ ಬಳಸಿ ನಡೆಯುತ್ತಾರೆ. ಅಲ್ಲಿ ಕಾವಲಿಲ್ಲ, ದಂಡವಿಲ್ಲ.

  ರಂಗೋಲಿಯನ್ನೇನೋ ನೋಡುತ್ತೇವೆ, ಬೀದಿಯ ಗೋಡೆಯನ್ನು ನೋಡುವವರು ಯಾರು? ದೆಹಲಿಯ ಲೋಧಿ ಕಾಲೊನಿಯಲ್ಲಿ ಉತ್ತರ ಸಿಗುತ್ತದೆ. ಸರ್ಕಾರಿ ನೌಕರರ ಹಳೆಯ ವಸತಿಗೃಹಗಳ ಗೋಡೆಗಳ ಮೇಲೆ ದೇಶವಿದೇಶದ ಕಲಾವಿದರು ದೊಡ್ಡ ಚಿತ್ರಗಳನ್ನು ಬರೆದಿದ್ದಾರೆ. ನೋಡಲು ಟಿಕೆಟ್ ಬೇಡ. ತರಕಾರಿಗೆ ಹೊರಟವರೂ ಕಣ್ತುಂಬಿಕೊಳ್ಳಬಹುದು.

ನಮ್ಮ ಬೆಂಗಳೂರಿನಲ್ಲಿ ‘ದಿ ಅಗ್ಲಿ ಇಂಡಿಯನ್’ ಎಂಬ ಬಳಗ 2010ರಿಂದ ಬೀದಿಯ ಕೊಳಕು ಮೂಲೆಗಳನ್ನು ಸರಿಪಡಿಸುತ್ತ ಬಂದಿದೆ. ಅವರು ತಮ್ಮ ಹೆಸರು ಹೇಳಿಕೊಳ್ಳುವುದಿಲ್ಲ. ಮೊದಲು ಕಸ ತೆಗೆಯುತ್ತಾರೆ, ಆಮೇಲೆ ಬಣ್ಣ ಬಳಿಯುತ್ತಾರೆ. ಮೇಲ್ಸೇತುವೆಯ ಕಂಬಗಳಿಗೂ ಹೀಗೆ ಬಣ್ಣ ಬಂದಿದೆ. ಈ ಕ್ರಮ ನಮಗೆ ಹೊಸದೇ? ಗುಡಿಸಿ, ಸಾರಿಸಿ, ಆಮೇಲೆ ತಾನೇ ರಂಗೋಲಿ?

ಗೇಟಿನಾಚೆಯದು ನಮ್ಮದಲ್ಲ ಎಂದುಕೊಂಡ ಕಡೆಯೇ ಕಸ ಬೀಳುತ್ತದೆ. ನಾಲ್ಕು ಜನ ಕೈಯಾರೆ ಬಣ್ಣ ಹಚ್ಚಿದ ಗೋಡೆಗೆ ಉಗುಳಲು ಮನಸ್ಸು ಹಿಂಜರಿಯುತ್ತದೆ. ಏಕೆಂದರೆ ಅದಕ್ಕೀಗ ಮನೆಯವರಿದ್ದಾರೆ.

ಬಣ್ಣ ಮಾಸುತ್ತದೆ, ನಿಜ. ರಂಗೋಲಿಯೂ ಸಂಜೆಗೆ ಅಳಿಸಿಹೋಗುತ್ತದೆ. ಮರುದಿನ ಮತ್ತೆ ಬಿಡುತ್ತೇವೆ.

ಇಂದು ಹೊರಟಾಗ ನಿಮ್ಮ ಬೀದಿಯ ಒಂದು ಗೋಡೆಯ ಮುಂದೆ ಸ್ವಲ್ಪ ನಿಲ್ಲಿ. ಅದೂ ನಿಮ್ಮ ಅಂಗಳವೇ.