ಮಾನಸಿಕ ಒತ್ತಡ ಮತ್ತು ನಮ್ಮ ಉಸಿರು

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. ಉರ್ದುವಿನಲ್ಲಿ 'ದಮ್ ಲೇನಾ' ಎಂದರೆ ಉಸಿರು ತೆಗೆದುಕೊಳ್ಳುವುದೂ ಹೌದು, ತುಸು ವಿಶ್ರಮಿಸುವುದೂ ಹೌದು. ಕನ್ನಡದಲ್ಲಿ 'ಉಸಿರಾಡಲೂ ಪುರುಸೊತ್ತಿಲ್ಲ' ಎನ್ನುತ್ತೇವೆ. (ಆ ಪುರುಸೊತ್ತು ಕೂಡ ನಮ್ಮ 'ಫುರ್ಸತ್'ನಿಂದಲೇ ಬಂದದ್ದು!) ಉಸಿರಿಗೂ ನೆಮ್ಮದಿಗೂ ಇರುವ ನಂಟು ಎರಡೂ ಭಾಷೆಗಳಿಗೆ ಮೊದಲೇ ಗೊತ್ತಿತ್ತು.

ಕೆಲವು ವರ್ಷಗಳ ಹಿಂದೆ ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಗಣಿತ ಪರೀಕ್ಷೆಗೆ ಮುನ್ನ ಬಂದು, "ಸರ್, ಓದಿದ್ದೆಲ್ಲ ಮರೆತುಹೋಯಿತು, ಎದೆ ಹೊಡೆದುಕೊಳ್ಳುತ್ತಿದೆ" ಎಂದಳು. ನಾನು, "ಜೋರಾಗಿ ಉಸಿರೆಳೆದುಕೋ, ಇನ್ನೂ ಜೋರಾಗಿ" ಎಂದೆ. ಎರಡೇ ನಿಮಿಷದಲ್ಲಿ ಬೆರಳುಗಳು ಜುಮುಗುಟ್ಟಿ, ತಲೆ ಸುತ್ತಿ ಗೋಡೆ ಹಿಡಿದು ಕುಳಿತಳು. ತಪ್ಪು ನನ್ನದು. ರಭಸದಿಂದ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಗಾಬರಿ ಇಮ್ಮಡಿಯಾಗುತ್ತದೆ. ಬಿ.ಎಡ್. ಮಾಡುವಾಗ ಮನೋವಿಜ್ಞಾನ ಓದಿದ್ದೆ, ಆದರೂ ಇದು ನನಗೆ ಗೊತ್ತಿರಲಿಲ್ಲ.

ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಹರಿಯುತ್ತದೆ, ಹೃದಯ ವೇಗವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಬೇಕೇ ಬೇಕು. ಪ್ರಶ್ನೆಪತ್ರಿಕೆಯನ್ನು ಬಿಟ್ಟು ಓಡುವುದೆಲ್ಲಿಗೆ? ಇದಕ್ಕೆ ಎದುರಾದ ಸ್ಥಿತಿಯೊಂದು ದೇಹದಲ್ಲೇ ಇದೆ, ಅದನ್ನು ಅಭ್ಯಾಸದಿಂದ ತಂದುಕೊಳ್ಳಬಹುದು ಎಂದು ಅಮೆರಿಕದ ಹಾರ್ವರ್ಡ್‌ನ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್ 1975ರಲ್ಲಿ ಪುಸ್ತಕ ಬರೆದು ತಿಳಿಸಿದರು.

2001ರಲ್ಲಿ ಲುಚಿಯಾನೊ ಬೆರ್ನಾರ್ಡಿ ಎಂಬ ಇಟಲಿಯ ವೈದ್ಯರು ಮತ್ತು ಸಂಗಡಿಗರು 23 ಆರೋಗ್ಯವಂತರನ್ನು ಪರೀಕ್ಷಿಸಿದರು. ಲ್ಯಾಟಿನ್ ಪ್ರಾರ್ಥನೆ ಹೇಳಿದಾಗಲೂ ಯೋಗದ ಮಂತ್ರ ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಸರಿದೂಗಿಸಿಕೊಳ್ಳುವ ದೇಹದ ಶಕ್ತಿ ಹೆಚ್ಚಿತು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತೇವೆ.

ಮಕ್ಕಳೇ, ಮೂಗಿನಿಂದ ಮೆಲ್ಲಗೆ 4 ಎಣಿಸುವವರೆಗೆ ಉಸಿರು ಒಳಗೆ, 6 ಎಣಿಸುವವರೆಗೆ ಹೊರಗೆ. ಹೊಟ್ಟೆ ಉಬ್ಬಿ ಇಳಿಯಲಿ. ಹಿಡಿದಿಟ್ಟುಕೊಳ್ಳುವುದು ಬೇಡ. ತಲೆ ಹಗುರವೆನಿಸಿದರೆ ನಿಲ್ಲಿಸಿ. ಮುಷ್ಟಿಯನ್ನೂ ಭುಜವನ್ನೂ ಬಿಗಿಹಿಡಿದು ಸಡಿಲಬಿಡುವ ವಿಧಾನವೂ ಇದೆ. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1929ರಲ್ಲೇ ಅದನ್ನು ಬರೆದಿಟ್ಟರು. ಪರೀಕ್ಷೆಯ ದಿನ ಮೊದಲ ಸಲ ಮಾಡಿದರೆ ಫಲವಿಲ್ಲ. ಈಜು ಕಲಿಯಲು ಯಾರೂ ಪ್ರವಾಹಕ್ಕಾಗಿ ಕಾಯುವುದಿಲ್ಲವಷ್ಟೇ. ಒಂದು ತಿಂಗಳು ಮೊದಲೇ ದಿನಕ್ಕೆ ಐದು ನಿಮಿಷ ಶುರುಮಾಡಿ.

ಹಿರಿಯರಿಗೂ ಒಂದು ಮಾತು. ನಮ್ಮ ಬೀದಿಯ ಒಬ್ಬರು ಇಂಥ ಅಭ್ಯಾಸ ಶುರುಮಾಡಿ ಬಿ.ಪಿ. ಮಾತ್ರೆ ನಿಲ್ಲಿಸಿದರು. ಕೆಲವೇ ತಿಂಗಳಲ್ಲಿ ಲಕ್ವ ಹೊಡೆಯಿತು, ಬಲಗೈ ಇಂದಿಗೂ ಏಳುವುದಿಲ್ಲ. ನಿಧಾನ ಉಸಿರಾಟದಿಂದ ಒತ್ತಡ ಇಳಿಯುವುದು ಕೊಂಚ ಮಾತ್ರ. ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.

ಈಗ ಎಲ್ಲರೂ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿ. ಉಸಿರು ಬಿಡುವಾಗ ಬಡಿತ ತುಸು ನಿಧಾನವಾಗುವುದು ನಿಮಗೇ ತಿಳಿಯುತ್ತದೆ. ಕೈಗಡಿಯಾರ ನಾನು ನೋಡಿಕೊಳ್ಳುತ್ತೇನೆ, ನೀವು ಕಣ್ಣು ಮುಚ್ಚಿ.