ಗುಂಡಿಗೆಯ ಬಾಗಿಲು



ಎದೆ ಸೀಳದೆ ಹಾರ್ಟಿನ ವಾಲ್ವ್ ಸರಿ ಮಾಡ್ತಾರಂತೆ, ನಿಜವಾ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದಿರಿ. ನಿಜ. ಆದರೆ ಎಲ್ಲರಿಗೂ ಆಗುವುದಿಲ್ಲ. ಯಾರಿಗೆ ಆಗುತ್ತದೆ, ಹೇಗೆ ಮಾಡುತ್ತಾರೆ, ಅದನ್ನೇ ಇವತ್ತು ಮಾತಾಡೋಣ.

ಎಲ್ಲರೂ ಒಂದು ಸಲ ಮುಷ್ಟಿ ಕಟ್ಟಿ. ನಿಮ್ಮ ಗುಂಡಿಗೆ ಸುಮಾರು ಅಷ್ಟೇ ದೊಡ್ಡದು. ನಿಮಿಷಕ್ಕೆ ಸುಮಾರು 70 ಸಲ ಬಡಿಯುತ್ತದೆ. 70ನ್ನು 60ರಿಂದ ಗುಣಿಸಿ. ಬಂದದ್ದನ್ನು 24ರಿಂದ ಗುಣಿಸಿ. ದಿನಕ್ಕೆ 1 ಲಕ್ಷ ದಾಟುತ್ತದೆ! ನಾವು ಮಲಗಿದರೂ ಅದು ಮಲಗುವುದಿಲ್ಲ.

ಗುಂಡಿಗೆಯ ಒಳಗೆ 4 ಕೋಣೆ, 4 ಬಾಗಿಲು. ಈ ಬಾಗಿಲನ್ನೇ ಕವಾಟ ಅಥವಾ ವಾಲ್ವ್ ಅನ್ನುವುದು. ಬಾವಿಯ ಪಂಪಿಗೆ ಫುಟ್‌ವಾಲ್ವ್ ಹಾಕಿರ್ತಾರಲ್ಲ? ಅದು ನೀರನ್ನು ಮೇಲಕ್ಕೆ ಬಿಡುತ್ತದೆ. ವಾಪಸ್ಸು ಬಾವಿಗೆ ಬೀಳಲು ಬಿಡುವುದಿಲ್ಲ. ಇದೂ ಹಾಗೆಯೇ. ರಕ್ತ ಮುಂದಕ್ಕೆ ಮಾತ್ರ ಹೋಗಬೇಕು.

ಎಡಗಡೆ ಒಂದು ಬಾಗಿಲಿದೆ. ಅದರ ಹೆಸರು ಮೈಟ್ರಲ್. ನಮ್ಮ ಮನೆಯ ತಲೆಬಾಗಿಲಿನ ಹಾಗೆ ಅದಕ್ಕೆ ಎರಡು ಕದ. ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ, ಹೆಚ್ಚಾಗಿ ಕೆಡುವುದು ಈ ಬಾಗಿಲೇ.

ಯಾಕೆ ಕೆಡುತ್ತದೆ? ಮಕ್ಕಳಿಗೆ ಬರುವ ಗಂಟಲು ನೋವಿನಿಂದ! ನಗಬೇಡಿ. 5ರಿಂದ 15 ವರ್ಷದ ಮಕ್ಕಳಿಗೆ ಒಂದು ರೋಗಾಣುವಿನಿಂದ ಗಂಟಲು ಹುಣ್ಣಾಗುತ್ತದೆ. ಆಗ ಸರಿಯಾದ ಔಷಧಿ ಕೊಡದಿದ್ದರೆ ಕೆಲವು ಮಕ್ಕಳಿಗೆ 2–3 ವಾರ ಬಿಟ್ಟು ಜ್ವರ ಬರುತ್ತದೆ. ಮಂಡಿ ಊದುತ್ತದೆ. ಅದು ಇಳಿಯುವಷ್ಟರಲ್ಲಿ ಕಾಲಿನ ಗಿಣ್ಣು ಊದುತ್ತದೆ. ವಾಯು ಅಂತ ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ. ಇದಕ್ಕೆ ರುಮ್ಯಾಟಿಕ್ ಜ್ವರ ಅನ್ನುತ್ತಾರೆ. ಕೀಲು ನೋವು ವಾಸಿಯಾಗಿಬಿಡುತ್ತದೆ. ಆದರೆ ಗುಂಡಿಗೆಯ ಬಾಗಿಲಿಗೆ ಬಿದ್ದ ಪೆಟ್ಟು ಹಾಗೇ ಉಳಿಯುತ್ತದೆ. ವರ್ಷಗಳು ಕಳೆದಂತೆ ಎರಡು ಕದಗಳ ಅಂಚು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತಿರ ಹತ್ತಿರ 5 ರೂಪಾಯಿ ನಾಣ್ಯದಷ್ಟು ತೆರೆಯಬೇಕಾದ ಬಾಗಿಲು ಅಂಗಿಯ ಗುಂಡಿಯಷ್ಟು ಮಾತ್ರ ತೆರೆಯುತ್ತದೆ.

ಮುಂದೆ ಹೋಗಲಾರದ ರಕ್ತ ಹಿಂದೆ ಶ್ವಾಸಕೋಶದಲ್ಲಿ ಒತ್ತಿಕೊಂಡು ನಿಲ್ಲುತ್ತದೆ. ಅದಕ್ಕೇ ಏದುಸಿರು. ಮೊದಲು ಕೊಡ ಹೊತ್ತು ಏರಿ ಹತ್ತುವಾಗ. ಆಮೇಲೆ ಕಸ ಗುಡಿಸುವಾಗಲೂ. ಕೊನೆಗೆ ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವ ಹಾಗಾಗುತ್ತದೆ. ಎದೆ ಡವಡವ ಅನ್ನುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡಸಿಗೆ ಉಬ್ಬಸ ಬಂದರೆ ಆಸ್ಪತ್ರೆ. ಸೊಸೆಗೆ ಉಬ್ಬಸ ಬಂದರೆ ಏನಂತಾರೆ? "ಸೋಮಾರಿ, ನಾಟಕ ಆಡ್ತಾಳೆ" ಅಂತಾರೆ. ಇಲ್ಲದಿದ್ದರೆ "ರಕ್ತ ಕಮ್ಮಿ, ಟಾನಿಕ್ ಕುಡಿ" ಅಂತಾರೆ. ಹೀಗೇ ವರ್ಷಗಟ್ಟಲೆ ಕಳೆಯುತ್ತದೆ. ಆಕೆ ಬಸುರಿಯಾದಾಗ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ. ಕಿರಿದಾದ ಬಾಗಿಲಿಗೆ ಅಷ್ಟು ರಕ್ತ ದಾಟಿಸಲು ಆಗುವುದಿಲ್ಲ. 5–6 ತಿಂಗಳಿಗೆ ಉಬ್ಬಸ ಜೋರಾಗುತ್ತದೆ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಬಸುರಿಗೆ ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅದನ್ನು ಬಸುರಿನ ಸಹಜ ಆಯಾಸ ಅಂತ ಬಿಡಬೇಡಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರೆ ಸಂಶಯ ಬರುತ್ತದೆ. ಎಕೋ ಅನ್ನುವ ಪರೀಕ್ಷೆಯಲ್ಲಿ ಬಾಗಿಲು ಪರದೆಯ ಮೇಲೆ ಕಾಣುತ್ತದೆ. ಅದರಲ್ಲಿ ನೋವಿಲ್ಲ, ಸೂಜಿಯೂ ಇಲ್ಲ.

ಈಗ ಚಿಕಿತ್ಸೆಗೆ ಬರೋಣ. ಅಂಟಿದ ಕದಗಳನ್ನು ಬಿಡಿಸಲು ಬಲೂನ್ ಬಳಸುತ್ತಾರೆ. ಜಾತ್ರೆಯ ಬಲೂನಲ್ಲ! ಜಪಾನಿನ ಕಾಂಜಿ ಇನೊಯೆ ಅನ್ನುವ ಡಾಕ್ಟರು 1982ರಲ್ಲಿ ಮೊದಲು ಇದನ್ನು ಮಾಡಿದರು. ತೊಡೆಯ ಸಂದಿನಲ್ಲಿ ಮರವು ಬರುವ ಇಂಜೆಕ್ಷನ್ ಕೊಡುತ್ತಾರೆ. ಅಲ್ಲಿನ ರಕ್ತನಾಳದಿಂದ ತೆಳ್ಳನೆಯ ಕೊಳವೆಯನ್ನು ಗುಂಡಿಗೆಯ ಬಲಗಡೆಗೆ ಕಳಿಸುತ್ತಾರೆ. ಎಕ್ಸ್‌ರೇ ಪರದೆ ನೋಡುತ್ತಾ, ನಡುವಿನ ಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಗಡೆಗೆ ದಾಟುತ್ತಾರೆ. ಕೊಳವೆಯ ತುದಿಯಲ್ಲಿ ಮುದುಡಿಕೊಂಡ ಬಲೂನ್ ಇರುತ್ತದೆ. ಅದನ್ನು ಎರಡು ಕದಗಳ ನಡುವೆ ನಿಲ್ಲಿಸಿ, ದ್ರವ ತುಂಬಿ ಉಬ್ಬಿಸುತ್ತಾರೆ. ಕೆಲವೇ ಸೆಕೆಂಡು. ಅಂಟಿದ ಅಂಚು ಬಿಟ್ಟುಕೊಳ್ಳುತ್ತದೆ. ಬಲೂನ್ ಮುದುಡಿಸಿ ಹೊರಗೆ ತೆಗೆಯುತ್ತಾರೆ. ಗೋಡೆಯ ಸಣ್ಣ ತೂತು ಹೆಚ್ಚಿನವರಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ ಪೂರ್ತಿ ಮಂಪರು ಕೊಡುವುದಿಲ್ಲ. ಎದೆಯ ಮೇಲೆ ಒಂದು ಗೆರೆಯೂ ಇಲ್ಲ. ತೊಂದರೆ ಆಗದಿದ್ದರೆ ಕೆಲವೇ ದಿನದಲ್ಲಿ ಮನೆಗೆ ಬರಬಹುದು. ತೀರಾ ಅಗತ್ಯ ಬಿದ್ದರೆ ಬಸುರಿಯರಿಗೂ ಮಾಡುತ್ತಾರೆ. ಆಗ ಎಕ್ಸ್‌ರೇ ತಾಗದಂತೆ ಹೊಟ್ಟೆಗೆ ಮರೆ ಕಟ್ಟುತ್ತಾರೆ.

ಅಪಾಯವೇ ಇಲ್ಲ ಅಂತ ನಾನು ಹೇಳಲಾರೆ. ಕೆಲವರಿಗೆ ಕದ ಹರಿದು ಬಾಗಿಲು ಸೋರಲು ಶುರುವಾಗಬಹುದು. ಆಗ ದೊಡ್ಡ ಆಪರೇಷನ್ ಬೇಕಾಗುತ್ತದೆ. ಮೊದಲೇ ಬಹಳ ಸೋರುತ್ತಿದ್ದರೆ, ಕದ ಸುಣ್ಣಗಟ್ಟಿ ಗಡುಸಾಗಿದ್ದರೆ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಬಲೂನ್ ಹಾಕುವಂತಿಲ್ಲ. ಸರಿ ಮಾಡಿದ ಬಾಗಿಲೂ ಎಷ್ಟೋ ವರ್ಷದ ಮೇಲೆ ಮತ್ತೆ ಕಿರಿದಾಗಬಹುದು.

ದೊಡ್ಡ ಆಪರೇಷನ್ನಿನಲ್ಲಿ ಎದೆಯ ನಡುಮೂಳೆ ಸೀಳುತ್ತಾರೆ. ಸ್ವಲ್ಪ ಹೊತ್ತು ಗುಂಡಿಗೆಯ ಕೆಲಸವನ್ನು ಯಂತ್ರ ಮಾಡುತ್ತದೆ. ಈಗ ಕೆಲವು ಆಸ್ಪತ್ರೆಗಳಲ್ಲಿ ಮೂಳೆ ಸೀಳದೆ, ಬಲಗಡೆ ಪಕ್ಕೆಲುಬಿನ ನಡುವೆ ಸಣ್ಣ ಗಾಯ ಮಾಡಿ ಇದನ್ನೇ ಮಾಡುತ್ತಾರೆ. ಗಾಯ ಚಿಕ್ಕದು, ಬೇಗ ಚೇತರಿಕೆ. ಆದರೆ ಒಳಗಿನ ಕೆಲಸ ಚಿಕ್ಕದಲ್ಲ. ಯಂತ್ರ ಆಗಲೂ ಬೇಕು. ಹಳೇ ಬಾಗಿಲು ತೆಗೆದು ಹೊಸದು ಕೂರಿಸುವುದೂ ಉಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮ ದೇಶದಲ್ಲೇ ಇಂಥ ವಾಲ್ವ್ ತಯಾರಿಸಿ, 1990ರಲ್ಲಿ ಮೊದಲ ಸಲ ರೋಗಿಗೆ ಕೂರಿಸಿದರು. ಇಂಥ ಯಂತ್ರದ ವಾಲ್ವ್ ಹಾಕಿದವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನ ಪೂರ್ತಿ ನುಂಗಬೇಕು. ಆ ಮಾತ್ರೆಯಿಂದ ಹೊಟ್ಟೆಯೊಳಗಿನ ಮಗುವಿಗೆ ತೊಂದರೆ ಆಗಬಹುದು. ಆದ್ದರಿಂದ ಇನ್ನೂ ಮಕ್ಕಳು ಬೇಕು ಅನ್ನುವವರು ನಾಚಿಕೆ ಬಿಟ್ಟು ಡಾಕ್ಟರಿಗೆ ಮೊದಲೇ ಹೇಳಬೇಕು. ಅತ್ತೆಯೋ ಗಂಡನೋ ಹೇಳಲಿ ಅಂತ ಕಾಯಬೇಡಿ.

ಖರ್ಚಿನ ಮಾತು. ಬೆಂಗಳೂರಿನ ಜಯದೇವ ಆಸ್ಪತ್ರೆ ಸರ್ಕಾರದ್ದು. ಬಲೂನ್ ಚಿಕಿತ್ಸೆಯನ್ನು ಬಹಳ ಜನಕ್ಕೆ ಮಾಡಿದ ಆಸ್ಪತ್ರೆ ಅದು. ಮೈಸೂರು, ಕಲಬುರಗಿಯಲ್ಲೂ ಅದರ ಶಾಖೆ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ರೇಷನ್ ಕಾರ್ಡು, ಆಧಾರ್ ಕಾರ್ಡು ಮತ್ತು ಹತ್ತಿರದ ಸರ್ಕಾರಿ ಆಸ್ಪತ್ರೆಯ ಚೀಟಿ ತೆಗೆದುಕೊಂಡು ಹೋಗಿ. ಚೀಟಿಯಲ್ಲಿ ನಿಮ್ಮ ಹೆಸರು ಸರಿಯಾಗಿದೆಯಾ ಅಂತ ನೀವೇ ಓದಿ ನೋಡಿ.

ಬಲೂನ್ ಹಾಕಿಸಿಕೊಂಡ ಮೇಲೂ ಒಂದು ಕೆಲಸ ಉಳಿದಿರುತ್ತದೆ. ರುಮ್ಯಾಟಿಕ್ ಜ್ವರ ಮತ್ತೆ ಬಂದರೆ ಬಾಗಿಲು ಇನ್ನಷ್ಟು ಕೆಡುತ್ತದೆ. ಅದನ್ನು ತಡೆಯಲು ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ, 21 ದಿನಕ್ಕೆ ಒಂದು. ಎಷ್ಟು ವರ್ಷ ಅಂತ ಡಾಕ್ಟರು ಹೇಳುತ್ತಾರೆ. ನೋವಾಗುತ್ತದೆ, ನಿಜ. ಚೆನ್ನಾಗಿದ್ದೀನಿ ಅಂತ ಎಷ್ಟೋ ಜನ ಮಧ್ಯದಲ್ಲೇ ಬಿಟ್ಟುಬಿಡುತ್ತಾರೆ. ಹಾಗೆ ಬಿಡಬೇಡಿ. 21 ದಿನ ಅಂದರೆ ಸರಿಯಾಗಿ 3 ವಾರ. ಸೋಮವಾರ ಚುಚ್ಚಿಸಿಕೊಂಡರೆ ಮುಂದಿನದೂ ಸೋಮವಾರವೇ ಬರುತ್ತದೆ. ಕ್ಯಾಲೆಂಡರಿನಲ್ಲಿ ಸೋಮವಾರದ ಸಾಲು ಹಿಡಿದು 3 ಮನೆ ಎಣಿಸಿ, ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಆ ತಾರೀಕನ್ನು ಆಸ್ಪತ್ರೆಯ ಕಾರ್ಡಿನಲ್ಲೂ ಬರೆಯಿರಿ.