ಒಂದೇ ಚಿತ್ರದಲ್ಲಿ ಎರಡು ಹೊತ್ತು

2020ರ ಡಿಸೆಂಬರ್ 21ರ ಸಂಜೆ ನೈಋತ್ಯ ದಿಕ್ಕಿನಲ್ಲಿ ಗುರು ಮತ್ತು ಶನಿ ಒಂದಕ್ಕೊಂದು ಅಂಟಿಕೊಂಡಂತೆ ಕಂಡವು. ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ಐದನೇ ಒಂದು ಪಾಲಿನಷ್ಟೇ. ಎಷ್ಟೋ ಜನ ಮೊಬೈಲಿನಲ್ಲೇ ಚಿತ್ರ ತೆಗೆದರು. ಹೊಳೆಯುವ ಚುಕ್ಕೆ ಗುರು, ಪಕ್ಕದ ಮಂಕು ಚುಕ್ಕೆ ಶನಿ.

ಆ ಚಿತ್ರಗಳಲ್ಲಿ ಒಂದು ಸೋಜಿಗ ಅಡಗಿದೆ. ಅಂದು ಗುರು ನಮ್ಮಿಂದ ಸುಮಾರು 89 ಕೋಟಿ ಕಿಲೋಮೀಟರ್ ದೂರದಲ್ಲಿತ್ತು, ಶನಿ ಸುಮಾರು 162 ಕೋಟಿ ಕಿಲೋಮೀಟರ್. ಗ್ರಹಗಳಿಗೆ ಸ್ವಂತ ಬೆಳಕಿಲ್ಲ. ಅವುಗಳ ಮೇಲೆ ಬಿದ್ದ ಬಿಸಿಲೇ ನಮ್ಮ ಕಡೆ ತಿರುಗಿ ಬರುತ್ತದೆ. ಗುರುವಿನಿಂದ ಇಲ್ಲಿಗೆ ಬರಲು ಬೆಳಕಿಗೆ 49 ನಿಮಿಷ ಬೇಕಾಯಿತು, ಶನಿಯಿಂದ ಒಂದೂವರೆ ಗಂಟೆ. ಆರೂವರೆಗೆ ಕ್ಲಿಕ್ ಎನ್ನಿಸಿದವರಿಗೆ ಸಿಕ್ಕಿದ್ದು ಐದು ಗಂಟೆಯ ಶನಿ, 5.40ರ ಗುರು! ಶನಿಯಿಂದ ಆ ಬೆಳಕು ಹೊರಟಾಗ ನಮ್ಮ ಅಂಗಳದಲ್ಲಿ ಇನ್ನೂ ಬಿಸಿಲಿತ್ತು.

ನೀವೂ ಗ್ರಹಗಳ ಚಿತ್ರ ತೆಗೆಯಬಹುದು. ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಮೋಡ ಸರಿದಿರುತ್ತದೆ, ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುವುದರಿಂದ ರಾತ್ರಿ ಊಟಕ್ಕೆ ಮೊದಲೇ ಆಕಾಶ ಸಿದ್ಧ. ಆದರೆ ಸೂರ್ಯ ಪೂರ್ತಿ ಮುಳುಗುವವರೆಗೆ ಕಾಯಲೇಬೇಕು. ಕ್ಯಾಮೆರಾವನ್ನಾಗಲಿ ಬೈನಾಕ್ಯುಲರನ್ನಾಗಲಿ ಸೂರ್ಯನತ್ತ ತಿರುಗಿಸಬಾರದು.

ನಮ್ಮ ಕಣ್ಣು ಬೆಳಕನ್ನು ಬಹಳ ಹೊತ್ತು ಕೂಡಿಡಲಾರದು. ಹನಿಹನಿ ನೀರಿನಿಂದ ಕೊಡ ತುಂಬುವಂತೆ ಕ್ಯಾಮೆರಾ ಅದನ್ನು ಕೂಡಿಡುತ್ತದೆ. ಹತ್ತು ಸೆಕೆಂಡು ತೆರೆದಿಟ್ಟರೆ ಬರಿಗಣ್ಣಿಗೆ ಕಾಣದ ನಕ್ಷತ್ರಗಳೂ ಮೂಡುತ್ತವೆ. ಇನ್ನೂ ಬಹಳ ಹೊತ್ತು ತೆರೆದಿಟ್ಟರೆ ಚುಕ್ಕೆಗಳು ಗೀರುಗಳಾಗುತ್ತವೆ, ಏಕೆಂದರೆ ಭೂಮಿ ತಿರುಗುತ್ತಿದೆ: ಎರಡೇ ನಿಮಿಷದಲ್ಲಿ ಆಕಾಶ ಚಂದ್ರನ ಅಗಲದಷ್ಟು ಜರುಗಿರುತ್ತದೆ. ಗುರು, ಶುಕ್ರರಂಥ ಪ್ರಕಾಶಮಾನ ಗ್ರಹಗಳಿಗೆ ಮುಸ್ಸಂಜೆಯಲ್ಲಿ ಒಂದು ಸೆಕೆಂಡಿಗಿಂತ ಕಡಿಮೆಯೇ ಸಾಕು. ಫ್ಲ್ಯಾಶ್ ಬೇಡ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಗೋಡೆಗೆ ಒರಗಿಸಿ, ಟೈಮರ್ ಹಾಕಿ. ಬೆರಳು ತಾಕಿದ ಅಲುಗಾಟ ಅಷ್ಟರಲ್ಲಿ ನಿಂತಿರುತ್ತದೆ.

ಬೈನಾಕ್ಯುಲರ್ ಇದ್ದರೆ ಅದನ್ನೂ ಅಲುಗಾಡದಂತೆ ಊರಿ, ಅದರ ಕಣ್ಣಿಗೆ ಮೊಬೈಲಿನ ಕಣ್ಣು ಕೂಡಿಸಿ ಗುರುವನ್ನು ನೋಡಿ. ಪಕ್ಕದಲ್ಲಿ ಸಾಲಾಗಿ ಸಣ್ಣ ಚುಕ್ಕೆಗಳು ಕಂಡರೆ ಅವು ಗುರುವಿನ ಚಂದ್ರರು. 1610ರ ಜನವರಿಯಲ್ಲಿ, ಇಂಥದೇ ಚಳಿಗಾಲದಲ್ಲಿ, ಗೆಲಿಲಿಯೊ ಆ ಚುಕ್ಕೆಗಳನ್ನು ದೂರದರ್ಶಕದಲ್ಲಿ ಕಂಡು ದಿನದಿನವೂ ಕಾಗದದ ಮೇಲೆ ಗುರುತು ಹಾಕಿದ. ಅವು ಜಾಗ ಬದಲಿಸುವುದನ್ನು ಗಮನಿಸಿಯೇ, ಅವು ಗುರುವನ್ನು ಸುತ್ತುತ್ತಿವೆ ಎಂದು ಅವನಿಗೆ ಹೊಳೆದದ್ದು. ನೀವೂ ಪ್ರತಿ ಚಿತ್ರದ ಜೊತೆ ದಿನಾಂಕ, ಗಂಟೆ ಬರೆದಿಡಿ. ಅಯೊ ಎಂಬ ಚಂದ್ರ ಸುಮಾರು 42 ಗಂಟೆಗೊಂದು ಸುತ್ತು ಹಾಕುತ್ತದೆ. ಇಂದು ಗುರುವಿನ ಎಡಕ್ಕಿದ್ದದ್ದು ನಾಳೆಯ ಚಿತ್ರದಲ್ಲಿ ಬಲಕ್ಕಿರಬಹುದು.